ಮರಿ ತಿಂದದ್ದು ಮೈಗೆ ಹತ್ತಬೇಕು

(ದಂಡೋತಿಯ ಮಹಿಳೆಯರ ಸಂಜೆ ತರಗತಿಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)



ಇವತ್ತು ನಾವು ಕುರಿಮರಿಯ ಹೊಟ್ಟೆಯ ಬಗ್ಗೆ ಮಾತಾಡೋಣ. ನಗಬ್ಯಾಡ್ರಿ. ಇದು ನಗೋ ಮಾತಲ್ಲ. ಮರಿಯ ಹೊಟ್ಟೆ ಚಲೋ ಇದ್ದರೆ ನಮ್ಮ ಹೊಟ್ಟೆ ತಣ್ಣಗಿರ್ತದ.

ದೊಡ್ಡ ಕುರಿಗಳು ಬೆಳಗಾದರೆ ಮೇಯಾಕ ಹೋಗ್ತಾವ. ಕಾಗಿಣಾ ದಂಡಿಗೆ ಹೋಗ್ತಾವ. ತೊಗರಿ ಕೊಯ್ದ ಹೊಲಕ್ಕೆ ಹೋಗ್ತಾವ. ಸಣ್ಣ ಮರಿಗಳು ದೊಡ್ಡಿಯೊಳಗೇ ಉಳೀತಾವ. ಅವನ್ನು ನೋಡಿಕೊಳ್ಳೋರು ಯಾರು? ನಾವೇ, ಹೆಣ್ಣುಮಕ್ಕಳು. ನೀರು ಇಡೋರು ನಾವು. ಸೊಪ್ಪು ಕಟ್ಟೋರು ನಾವು. ಮರಿ ಮಂಕಾದರೆ ಮೊದಲು ಕಾಣೋದೂ ನಮ್ಮ ಕಣ್ಣಿಗೇ.

ಒಂದು ಮರಿ ಅಂದರೆ ಮಗಳ ಶಾಲೆಯ ಖರ್ಚು. ಸಂಘದ ಸಾಲದ ಕಂತು. ಮನ್ಯಾಗ ಯಾರಿಗಾದರೂ ಜಡ್ಡಾದರೆ ದವಾಖಾನಿ ಖರ್ಚು. ಒಂದು ಮರಿ ಸತ್ತರೆ ಇವೆಲ್ಲ ಹಿಂದೆ ಬೀಳ್ತಾವ.

ಈಗ ಅಂಗಡಿಯೊಳಗ ಬಗೆಬಗೆಯ ಪಾಕೀಟು ಬಂದಾವ. ಪುಡಿ ಅದ, ಬಾಟಲಿ ಅದ, ನೆಕ್ಕೋ ಇಟ್ಟಿಗೆ ಅದ. “ಮೇವಿನ ಜೋಡಿ ಕೊಡ್ರಿ, ಮರಿ ಬೇಗ ಬೆಳೀತದ” ಅಂತಾರ. ಇವಕ್ಕೆ ಮೇವಿನ ಪೂರಕ ಅಂತ ಹೆಸರು. ಇವುಗಳಲ್ಲಿ ಕೆಲವು ಒಳ್ಳೆಯವು. ಕೆಲವು ನಮಗೆ ಬೇಕಾಗಿಲ್ಲ. ಕೆಲವನ್ನು ತಪ್ಪಿ ಕೊಟ್ಟರೆ ಮರಿ ಸಾಯುತ್ತದೆ. ಯಾವುದು ಹ್ಯಾಂಗ ಕೆಲಸ ಮಾಡ್ತದ ಅಂತ ತಿಳಿದರೆ ಆರಿಸೋದು ಸುಲಭ.

ನಾನು ದನದ ಡಾಕ್ಟರ್ ಅಲ್ಲ, ಶಾಲೆಯ ಶಿಕ್ಷಕಿ. ಓದಿ ತಿಳಿದದ್ದನ್ನು ನಿಮಗೆ ಹೇಳ್ತೀನಿ. ಮದ್ದಿನ ಮಾತು ಬಂದರೆ ಡಾಕ್ಟರನ್ನೇ ಕೇಳಬೇಕು.

ನಾಲ್ಕು ಕೋಣೆಯ ಹೊಟ್ಟೆ

ನಮ್ಮ ಹೊಟ್ಟೆ ಒಂದೇ ಚೀಲ. ಕುರಿಯ ಹೊಟ್ಟೆಗೆ ನಾಲ್ಕು ಕೋಣೆ. ಬೋಟಿ ತೊಳೆದವರಿಗೆ ಇದು ಗೊತ್ತು. ಒಂದು ಭಾಗ ಟವೆಲ್ ಇದ್ದಂಗ ಇರ್ತದ. ಒಂದು ಭಾಗ ಜೇನುಗೂಡಿನಂಗ ಇರ್ತದ. ಇನ್ನೊಂದು ಪುಸ್ತಕದ ಹಾಳೆಯಂಗ ಮಡಿಕೆ ಮಡಿಕೆ ಇರ್ತದ. ನಾಲ್ಕನೆಯದು ನುಣ್ಣಗೆ, ಮೆತ್ತಗೆ ಇರ್ತದ. ಅದು ನಮ್ಮ ಹೊಟ್ಟೆಯಂತೆಯೇ ಕೆಲಸ ಮಾಡುವ ನಿಜವಾದ ಜಠರ.

ಟವೆಲ್ ಇದ್ದಂಗ ಇರೋ ಕೋಣೆಯೇ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಕುರಿಯಲ್ಲಿ ಅದು ಒಂದು ಕೊಡದಷ್ಟು ಇರುತ್ತದೆ. ತಿಂದ ಮೇವು ಮೊದಲು ಅಲ್ಲಿಗೇ ಹೋಗುತ್ತದೆ. ಅದನ್ನು ನಾವು ದೊಡ್ಡ ಹೊಟ್ಟೆ ಎಂದು ಕರೆಯೋಣ.

ಈಗ ತಾನೇ ಹುಟ್ಟಿದ ಮರಿಗೆ ದೊಡ್ಡ ಹೊಟ್ಟೆ ಇನ್ನೂ ಸಣ್ಣದು. ಕೆಲಸಕ್ಕೆ ಬಂದಿರೋದಿಲ್ಲ. ಮರಿ ಮೊಲೆ ಚೀಪಿದಾಗ ಹಾಲು ಒಂದು ಸಣ್ಣ ಕಾಲುವೆಯ ಮೂಲಕ ನೇರವಾಗಿ ನಾಲ್ಕನೆಯ ಕೋಣೆಗೆ ಹೋಗುತ್ತದೆ. ಅಲ್ಲಿ ಹಾಲು ಒಡೆದು ಅರಗುತ್ತದೆ.

ಆದ್ದರಿಂದ ಮೊದಲ ಮದ್ದು ಯಾವುದು? ಗಿಣ್ಣದ ಹಾಲು. ಹುಟ್ಟಿದ ಒಂದು ತಾಸಿನೊಳಗ ಮರಿಗೆ ಗಿಣ್ಣದ ಹಾಲು ಕುಡಿಸಬೇಕು. ರೋಗ ತಡೆಯುವ ಶಕ್ತಿ ಅದರಲ್ಲಿ ಇದೆ. ತಡವಾದಷ್ಟೂ ಆ ಶಕ್ತಿ ಮರಿಯ ಮೈಗೆ ಸೇರುವುದು ಕಡಿಮೆಯಾಗುತ್ತದೆ. ಗಿಣ್ಣದ ಹಾಲಿಗೆ ಸಮನಾದ ಪುಡಿ ಯಾವ ಅಂಗಡಿಯಲ್ಲೂ ಇಲ್ಲ.

ಎರಡು ವಾರ ಆದ ಮೇಲೆ ಮರಿ ಸೊಪ್ಪು, ಕಾಳು ಮೂಸಿ ನೋಡ್ತದ. ಒಂದೆರಡು ಎಲೆ ಕಡೀತದ. ಆಗ ದೊಡ್ಡ ಹೊಟ್ಟೆ ಬೆಳೆಯಲು ತೊಡಗುತ್ತದೆ. ಒಳಗಿನ ಟವೆಲ್ ಎಳೆಗಳು ಉದ್ದವಾಗುತ್ತವೆ. ಸುಮಾರು 2 ತಿಂಗಳಿಗೆ ಅದು ಕೆಲಸಕ್ಕೆ ಸಿದ್ಧವಾಗುತ್ತದೆ. ಬರೀ ಹಾಲಿನ ಮೇಲೆ ಇಟ್ಟ ಮರಿಯ ದೊಡ್ಡ ಹೊಟ್ಟೆ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೇ ಎರಡು ವಾರದಿಂದಲೇ ಸ್ವಲ್ಪ ಎಳೆ ಸೊಪ್ಪು, ಸ್ವಲ್ಪ ನುಚ್ಚು ಮರಿಯ ಮುಂದೆ ಇಡಬೇಕು.

ಹೊಟ್ಟೆಯೊಳಗಿನ ಕೂಲಿಯಾಳುಗಳು

ಹಾಲಿಗೆ ಹೆಪ್ಪು ಹಾಕ್ತೀವಿ. ಬೆಳಗಾದರೆ ಮೊಸರು ಆಗಿರ್ತದ. ಮಾಡಿದವರು ಯಾರು? ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಅಂಥ ಜೀವಿಗಳೇ ಕುರಿಯ ದೊಡ್ಡ ಹೊಟ್ಟೆಯಲ್ಲಿ ಇವೆ. ಒಂದು ಹನಿ ರಸದಲ್ಲಿ ಕೋಟಿಗಟ್ಟಲೆ ಇವೆ.

ಜೋಳದ ಕಣಕಿ ನಮಗೆ ಅರಗೋದಿಲ್ಲ. ಕುರಿಗೆ ಯಾಕ ಅರಗ್ತದ? ಈ ಜೀವಿಗಳು ಇರೋದಕ್ಕೆ. ಅವು ಕಣಕಿಯ ನಾರನ್ನು ಒಡೆಯುತ್ತವೆ. ಒಡೆದಾಗ ಮೂರು ಬಗೆಯ ಹುಳಿ ರಸ ಹುಟ್ಟುತ್ತದೆ. ಟವೆಲ್ ಎಳೆಗಳು ಆ ರಸವನ್ನು ಹೀರಿ ರಕ್ತಕ್ಕೆ ಕೊಡುತ್ತವೆ. ಕುರಿ ನಡೆಯುವುದು, ಮೈ ಬೆಚ್ಚಗಿಡುವುದು, ಬೆಳೆಯುವುದು ಎಲ್ಲಾ ಬಹುಪಾಲು ಈ ರಸದ ಬಲದಿಂದಲೇ.

ಮೂರರಲ್ಲಿ ಒಂದು ರಸ ಯಕೃತ್ತಿಗೆ ಹೋಗಿ ಸಕ್ಕರೆಯಾಗುತ್ತದೆ. ಯಕೃತ್ತು ಅಂದರೆ ನಾವು ಕಲೇಜಿ ಅಂತೀವಲ್ಲ, ಅದೇ. ಮೈ ತುಂಬಲು ಆ ಸಕ್ಕರೆ ಬೇಕು. ಕಾಳು ತಿಂದರೆ ಈ ರಸ ಹೆಚ್ಚು ಹುಟ್ಟುತ್ತದೆ. ಬರೀ ಒಣ ಕಣಕಿ ತಿಂದರೆ ಕಡಿಮೆ ಹುಟ್ಟುತ್ತದೆ. ಅದಕ್ಕೇ ಕಣಕಿ ಒಂದನ್ನೇ ತಿಂದ ಮರಿ ಬದುಕುತ್ತದೆ, ಆದರೆ ಮೈ ಹಿಡಿಯುವುದಿಲ್ಲ.

ಈ ಜೀವಿಗಳು ಬೆಳೆದು ಸತ್ತು ಮುಂದಿನ ಕೋಣೆಗೆ ಸಾಗುತ್ತವೆ. ಅಲ್ಲಿ ಅವೇ ಕುರಿಗೆ ಆಹಾರ. ಅಂದರೆ ಕುರಿ ತನ್ನ ಹೊಟ್ಟೆಯ ಕೂಲಿಯಾಳುಗಳನ್ನು ಸಾಕುತ್ತದೆ. ಆ ಕೂಲಿಯಾಳುಗಳು ಕುರಿಯನ್ನು ಸಾಕುತ್ತವೆ.

ಇದನ್ನು ಚೆನ್ನಾಗಿ ತಿಳಕೊಳ್ರಿ. ನಾವು ದೊಡ್ಡ ಕುರಿಗೆ ಹಾಕುವ ಯಾವ ಪುಡಿಯೇ ಆಗಲಿ, ಮೊದಲು ಈ ಜೀವಿಗಳ ಕೈಗೆ ಸಿಗುತ್ತದೆ. ಅವಕ್ಕೆ ಹಿತವಾದರೆ ಕುರಿಗೆ ಹಿತ. ಅವು ಸತ್ತರೆ ಕುರಿ ಉಪವಾಸ. ಮೇವು ಎದುರಿಗೇ ಇದ್ದರೂ ಉಪವಾಸ.

ಒಮ್ಮೆಲೇ ಕಾಳು, ಒಮ್ಮೆಲೇ ಸಾವು

ಜೋಳದ ರಾಶಿ ಮಾಡೋ ಕಾಲ ಅಂತ ತಿಳಕೊಳ್ರಿ. ಕಣದಾಗ ಜೋಳ ಬಿದ್ದದ. ಕಾವಲಿಗೆ ಯಾರೂ ಇಲ್ಲ. ಮರಿ ಹಗ್ಗ ಬಿಚ್ಚಿಕೊಂಡು ಹೋಗಿ ಹೊಟ್ಟೆ ತುಂಬ ಜೋಳ ತಿಂತದ. ಮನೆಯವರು, “ಇರಲಿ ಬಿಡು, ಬಲ ಬರ್ತದ” ಅಂತಾರ. ಮರುದಿನ ಮರಿ ಏಳೋದಿಲ್ಲ. ಹಲ್ಲು ಕಡೀತದ. ಹೊಟ್ಟೆ ಉಬ್ಬಿ ನೀರು ಕುಲುಕಿದಂಗ ಆಗ್ತದ. ನೀರಿನಂಥ ಭೇದಿ ಆಗ್ತದ. ಒಂದೆರಡು ದಿನದೊಳಗ ಮರಿ ಸಾಯಬಹುದು. ಮಂದಿ “ದೃಷ್ಟಿ ತಗಲಿತು” ಅಂತಾರ.

ಅದು ದೃಷ್ಟಿ ಅಲ್ಲ. ಕಾಳು ಒಮ್ಮೆಲೇ ಹೆಚ್ಚಾದಾಗ ಕಾಳು ತಿನ್ನುವ ಜೀವಿಗಳು ಒಮ್ಮೆಲೇ ಹೆಚ್ಚುತ್ತವೆ. ಮೊಸರಿನಲ್ಲಿ ಇರುವಂಥ ಹುಳಿ ಹೊಟ್ಟೆಯ ತುಂಬ ಹುಟ್ಟುತ್ತದೆ. ಆ ಹುಳಿಗೆ ನಾರು ಒಡೆಯುವ ಜೀವಿಗಳು ಸಾಯುತ್ತವೆ. ಟವೆಲ್ ಎಳೆ ಸುಡುತ್ತದೆ. ಹುಳಿ ರಕ್ತಕ್ಕೆ ಏರುತ್ತದೆ. ಇದು ಹುಳಿ ಹೊಟ್ಟೆಯ ರೋಗ. ಜಾತ್ರೆ, ಮದುವೆಯಲ್ಲಿ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಹಾಕಿದರೂ ಹೀಗೇ ಆಗುತ್ತದೆ.

ಇದನ್ನು ತಡೆಯೋದು ನಮ್ಮ ಕೈಯಾಗೇ ಅದ. ಹೊಸ ಮೇವು ಯಾವುದೇ ಆಗಲಿ, ಮೊದಲ ದಿನ ಒಂದು ಚಿಟಿಕೆ. ಆಮೇಲೆ ಒಂದು ಹಿಡಿ. ಎರಡು ಮೂರು ವಾರದಲ್ಲಿ ಪೂರ್ತಿ. ಅಷ್ಟರಲ್ಲಿ ಹೊಟ್ಟೆಯ ಜೀವಿಗಳು ಹೊಸ ಕೆಲಸ ಕಲಿಯುತ್ತವೆ.

ಹೆಚ್ಚು ಕಾಳು ತಿನ್ನುವ ಮರಿಗೆ ಕರುಳುಬೇನೆಯ ಭಯವೂ ಇದೆ. ಮಳೆ ಬಿದ್ದ ಮೇಲೆ ಎಳೆ ಹುಲ್ಲು ಹೆಚ್ಚು ತಿಂದರೂ ಈ ಬೇನೆ ಬರುತ್ತದೆ. ಇದಕ್ಕೆ ಲಸಿಕೆ ಇದೆ. ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಕಾಗಿಣಾ ತುಂಬಿ ಬಂದು ಸೇತುವೆ ಮುಳುಗಿದರೆ ಡಾಕ್ಟರ್ ಬರೋದು ತಡ ಆಗ್ತದ. ಅದಕ್ಕೇ ಮುಂಚೆ ಅಂತ ಹೇಳೋದು.

ಈಗ ಒಂದೊಂದು ಪೂರಕವನ್ನು ನೋಡೋಣ.

1. ಉಪ್ಪು ಮತ್ತು ಖನಿಜ ಮಿಶ್ರಣ

ಮರಿ ಗೋಡೆ ನೆಕ್ತದ. ಅರಿವೆ ಅಗೀತದ. ಬೇರೆ ಕುರಿಯ ಉಣ್ಣೆ ಕಚ್ತದ. ಇದು ಮೈಯಲ್ಲಿ ಖನಿಜ ಕಡಿಮೆಯಾದ ಗುರುತು ಆಗಿರಬಹುದು. ಜಂತು ಇದ್ದರೂ ಹೀಗೆ ಮಾಡುತ್ತದೆ.

ನಮ್ಮದು ಸುಣ್ಣದ ಕಲ್ಲಿನ ಸೀಮೆ. ಶಹಾಬಾದಿನ ಫರಸಿ ದೂರದೂರಿಗೆ ಹೋಗ್ತದ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿಗಾಗಿಯೇ. ಆದರೆ ಮರಿಗೆ ಸುಣ್ಣ ಒಂದೇ ಸಾಲದು. ರಂಜಕ, ಸತು, ಕಬ್ಬಿಣ, ಅಯೋಡಿನ್ ಎಲ್ಲಾ ಸ್ವಲ್ಪ ಸ್ವಲ್ಪ ಬೇಕು. ಎಲುಬಿಗೆ ಬೇಕು, ಉಣ್ಣೆಗೆ ಬೇಕು, ರಕ್ತಕ್ಕೆ ಬೇಕು. ಹೊಟ್ಟೆಯ ಜೀವಿಗಳಿಗೂ ಬೇಕು. 10 ಕಿಲೋ ಕಾಳಿನ ಮಿಶ್ರಣಕ್ಕೆ ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅದ. ತಾಮ್ರದ ಮಾತು. ಕುರಿಗೆ ತಾಮ್ರ ಬಹಳ ಸ್ವಲ್ಪ ಬೇಕು. ದನಕ್ಕೆ, ಕೋಳಿಗೆ, ಹಂದಿಗೆ ಮಾಡಿದ ಮೇವಿನಲ್ಲಿ ತಾಮ್ರ ಹೆಚ್ಚು ಇರಬಹುದು. ಹೆಚ್ಚಾದ ತಾಮ್ರವನ್ನು ಕುರಿ ಹೊರಗೆ ಹಾಕಲಾರದು. ಅದು ಕಲೇಜಿಯಲ್ಲಿ ಕೂಡಿ ಕೂಡಿ ಕೂತಿರುತ್ತದೆ. ವಾರ, ತಿಂಗಳು ಏನೂ ಕಾಣೋದಿಲ್ಲ. ಒಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕಣ್ಣು, ಒಸಡು ಹಳದಿ ಆಗ್ತಾವ. ಉಚ್ಚೆ ಕೆಂಪಗೆ, ಕಪ್ಪಗೆ ಬರ್ತದ. ಕುರಿ ಸಾಯ್ತದ.

ಆದ್ದರಿಂದ ಪಾಕೀಟಿನ ಮೇಲೆ “ಕುರಿ” ಎಂಬ ಅಕ್ಷರ ಹುಡುಕಿರಿ. ಎರಡೇ ಅಕ್ಷರ. ಅದು ಇಲ್ಲದಿದ್ದರೆ ಡಾಕ್ಟರನ್ನು ಕೇಳದೆ ತರಬೇಡಿ. ಕೋಳಿ ಮೇವನ್ನಂತೂ ಕುರಿಗೆ ಹಾಕಲೇಬೇಡಿ.

2. ತಿನ್ನುವ ಸೋಡಾ

ಕುರಿ ಮೆಲುಕು ಹಾಕುವಾಗ ಬಹಳ ಜೊಲ್ಲು ಬರುತ್ತದೆ. ಆ ಜೊಲ್ಲಿನಲ್ಲಿ ಸೋಡಾ ತಾನಾಗಿಯೇ ಇದೆ. ಅದು ಹೊಟ್ಟೆಯ ಹುಳಿಯನ್ನು ಹದಕ್ಕೆ ತರುತ್ತದೆ. ನಾರು ಮೇವು ತಿಂದರೆ ಮೆಲುಕು ಹೆಚ್ಚು, ಜೊಲ್ಲು ಹೆಚ್ಚು. ಹಿಟ್ಟು, ನುಚ್ಚು ತಿಂದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ.

ಮಾರೋದಕ್ಕೆ ಬೆಳೆಸೋ ಟಗರುಮರಿಗೆ ಕಾಳು ಹೆಚ್ಚು ಕೊಡ್ತಾರ. ಆಗ ಒಂದು ಕಿಲೋ ಕಾಳಿನ ಮಿಶ್ರಣಕ್ಕೆ 10 ಗ್ರಾಂ ತಿನ್ನುವ ಸೋಡಾ ಬೆರೆಸುವುದುಂಟು. ಅದು ಹುಳಿ ತಡೆಯಲು ನೆರವಾಗುತ್ತದೆ. ಆದರೆ ಸೋಡಾ ಹಾಕಿದೆವು ಎಂದು ಕಣಕಿ ಬಿಡಬಾರದು. ಒಳ್ಳೆಯ ಸೋಡಾ ಕುರಿಯ ಜೊಲ್ಲಿನಲ್ಲೇ ಇದೆ. ಅದು ಬರಬೇಕಾದರೆ ನಾರು ಬೇಕು.

ಇನ್ನೊಂದು ಮಾತು. ಅಡಿಗೆಗೆ ಹಾಕೋ ಸೋಡಾ ಬೇರೆ, ಅರಿವೆ ಒಗೆಯೋ ಸೋಡಾ ಬೇರೆ. ಎರಡೂ ಬೆಳ್ಳಗೇ ಇರ್ತಾವ. ಒಗೆಯೋ ಸೋಡಾ ಹೊಟ್ಟೆಗೆ ಹೋದರೆ ಬಾಯಿ, ಕರುಳು ಸುಡುತ್ತದೆ. ಬಣ್ಣ ನೋಡಿ ತರಬೇಡಿ. ಹೆಸರು ಓದಿ ತನ್ನಿರಿ.

ಕಾಳು ಹೆಚ್ಚಾದ ಗಂಡುಮರಿಗೆ ಇನ್ನೊಂದು ತೊಂದರೆ ಬರುತ್ತದೆ. ಉಚ್ಚೆಯಲ್ಲಿ ಹರಳು ಕಟ್ಟುತ್ತದೆ. ಮರಿ ಮುಕ್ಕರಿಸುತ್ತದೆ. ಉಚ್ಚೆ ಹನಿ ಹನಿ ಬರುತ್ತದೆ. ನಂತರ ನಿಂತೇ ಹೋಗುತ್ತದೆ. ಕಾಳಿನಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ ಇರುವುದರಿಂದ ಹೀಗೆ ಆಗುತ್ತದೆ. ಹೊತ್ತುಹೊತ್ತಿಗೆ ಶುದ್ಧ ನೀರು, ಸ್ವಲ್ಪ ಉಪ್ಪು, ಸಾಕಷ್ಟು ಕಣಕಿ ಕೊಟ್ಟರೆ ಇದು ಕಡಿಮೆ.

3. ಈಸ್ಟ್ ಪುಡಿ

ಬ್ರೆಡ್ಡು ಉಬ್ಬಿಸಲು ಹಾಕುವ ಜೀವಿಗೆ ಈಸ್ಟ್ ಎನ್ನುತ್ತಾರೆ. ಅದೇ ಜಾತಿಯ ಪುಡಿಯನ್ನು ಕುರಿಗೂ ಮಾರುತ್ತಾರೆ. ದೊಡ್ಡ ಹೊಟ್ಟೆಯೊಳಗೆ ಸೇರುವ ಗಾಳಿಯನ್ನು ಈಸ್ಟ್ ತಿನ್ನುತ್ತದೆ. ನಾರು ಒಡೆಯುವ ಜೀವಿಗಳಿಗೆ ಆ ಗಾಳಿ ಆಗುವುದಿಲ್ಲ. ಗಾಳಿ ಹೋದರೆ ಅವಕ್ಕೆ ಹಿತ. ಹುಳಿಯೂ ಸ್ವಲ್ಪ ಹತೋಟಿಗೆ ಬರುತ್ತದೆ.

ಇದರಿಂದ ಮರಿ ಬೆಳೀತದೇನು? ಕೆಲವು ಪ್ರಯೋಗಗಳಲ್ಲಿ ತೂಕ ಸ್ವಲ್ಪ ಹೆಚ್ಚು ಬಂತು. ಕೆಲವುಗಳಲ್ಲಿ ಏನೂ ಹೆಚ್ಚು ಬರಲಿಲ್ಲ. ಮೇವು ಕೆಟ್ಟದ್ದಿದ್ದರೆ ಈಸ್ಟ್ ಏನೂ ಮಾಡಲಾರದು. ರೊಕ್ಕ ಕಡಿಮೆ ಇದ್ದರೆ ಮೊದಲು ಹಿಂಡಿ ತನ್ನಿರಿ. ಈಸ್ಟ್ ಆಮೇಲೆ.

4. ಯೂರಿಯಾ

ಯೂರಿಯಾ ಹೊಲಕ್ಕೆ ಹಾಕೋ ಗೊಬ್ಬರ. ಅದನ್ನು ಮೇವಿಗೂ ಹಾಕ್ತಾರ ಅಂದರೆ ನೀವು ಅಂಜ್ತೀರಿ. ಅಂಜೋದೇ ಸರಿ.

ದೊಡ್ಡ ಹೊಟ್ಟೆಯ ಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾದಿಂದ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಹಾಗಾಗಿ ಒಣ ಹುಲ್ಲನ್ನು ಯೂರಿಯಾ ನೀರಿನಿಂದ ಹದ ಮಾಡಿ ದೊಡ್ಡ ದನಗಳಿಗೆ ಕೊಡುವ ಪದ್ಧತಿ ಇದೆ. ಅದಕ್ಕೆ ಸರಿಯಾದ ತೂಕ ಬೇಕು. ಸರಿಯಾದ ದಿನ ಬೇಕು. ತಿಳಿದವರು ಎದುರಿಗೆ ನಿಂತು ತೋರಿಸಬೇಕು.

ಮರಿಗೆ ಯೂರಿಯಾ ಬೇಡವೇ ಬೇಡ. 6 ತಿಂಗಳ ಒಳಗಿನ ಮರಿಗೆ ಕೊಡಲೇಬಾರದು. ಅದನ್ನು ಬಳಸಿಕೊಳ್ಳುವಷ್ಟು ಅದರ ಹೊಟ್ಟೆ ಬಲಿತಿರುವುದಿಲ್ಲ. ಅಮೋನಿಯಾ ಹೆಚ್ಚಾದರೆ ರಕ್ತಕ್ಕೆ ಏರುತ್ತದೆ. ಕುರಿ ನಡುಗ್ತದ. ಬಾಯಾಗ ನೊರೆ ಬರ್ತದ. ಹೊಟ್ಟೆ ಉಬ್ಬುತ್ತದೆ. ಕೆಲವೇ ತಾಸಿನಲ್ಲಿ ಸಾಯುತ್ತದೆ.

ಮನೆಯಲ್ಲಿ ಈ ಮೂರು ಕೆಲಸ ಮಾಡ್ರಿ. ಗೊಬ್ಬರದ ಚೀಲ ಕುರಿಯ ಬಾಯಿಗೆ ಸಿಗದಂತೆ ಎತ್ತಿಡ್ರಿ. ಖಾಲಿ ಗೊಬ್ಬರ ಚೀಲದಾಗ ಹಿಂಡಿ, ನುಚ್ಚು ತುಂಬಬ್ಯಾಡ್ರಿ. ಗೊಬ್ಬರ ಕಲಸಿದ ಬಕೆಟ್ಟಿನಾಗ ನೀರು ಇಡಬ್ಯಾಡ್ರಿ.

5. “ಬೇಗ ಬೆಳೆಯುವ” ಮದ್ದು

ಕೆಲವು ಪುಡಿಗಳಲ್ಲಿ ರೋಗಕ್ಕೆ ಕೊಡುವ ಮದ್ದನ್ನೇ ಸ್ವಲ್ಪ ಬೆರೆಸಿರುತ್ತಾರೆ. ಮೊನೆನ್ಸಿನ್ ಎಂಬುದು ಅಂಥ ಒಂದು ಮದ್ದು. ಅದು ಹೊಟ್ಟೆಯ ಕೆಲವು ಜೀವಿಗಳನ್ನು ಕಡಿಮೆ ಮಾಡುತ್ತದೆ. ಆಗ ತೇಗಿನಲ್ಲಿ ಹೋಗುವ ಗಾಳಿ ಕಡಿಮೆಯಾಗುತ್ತದೆ. ಸಕ್ಕರೆಯಾಗುವ ರಸ ಹೆಚ್ಚಾಗುತ್ತದೆ. ಅದೇ ಮೇವಿನಲ್ಲಿ ಸ್ವಲ್ಪ ಹೆಚ್ಚು ತೂಕ ಬರುತ್ತದೆ.

ಆದರೆ ಅಳತೆ ತಪ್ಪಿದರೆ ಅದೇ ಕುರಿಗೆ ವಿಷ. ಕುದುರೆ, ಕತ್ತೆಗೆ ಅಂತೂ ಸ್ವಲ್ಪವೇ ಸಾಕು, ಸತ್ತುಹೋಗುತ್ತವೆ. ಕುರಿ ಹಿಂಡಿನ ಸಂಗಡ ಸಾಮಾನು ಹೊರೋ ಕುದುರೆ, ಕತ್ತೆ ಇರ್ತಾವ. ಒಂದೇ ಬುಟ್ಟಿಗೆ ಬಾಯಿ ಹಾಕ್ತಾವ. ಕೋಳಿ ಮೇವಿನಲ್ಲಿಯೂ ಈ ಮದ್ದು ಇರುವುದುಂಟು. ಕೋಳಿ ಮೇವು ಬೇಡ ಎಂದದ್ದಕ್ಕೆ ಇದು ಎರಡನೆಯ ಕಾರಣ.

ಇನ್ನು ರೋಗಾಣು ಕೊಲ್ಲುವ ಮದ್ದುಗಳು. ದಿನಾ ಸ್ವಲ್ಪ ಸ್ವಲ್ಪ ತಿನ್ನಿಸಿದರೆ ರೋಗಾಣುಗಳು ಆ ಮದ್ದಿಗೆ ಬಗ್ಗದಂತೆ ಆಗುತ್ತವೆ. ನಾಳೆ ನಮ್ಮ ಕೂಸಿಗೆ ಜ್ವರ ಬಂದಾಗ ಅದೇ ಮದ್ದು ಕೆಲಸ ಮಾಡದೆ ಹೋಗಬಹುದು. ಅದಕ್ಕೇ ಯುರೋಪಿನ ದೇಶಗಳಲ್ಲಿ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಇಂಥ ಮದ್ದು ಮೇವಿಗೆ ಹಾಕುವುದನ್ನು ನಿಲ್ಲಿಸಿದರು. ನಮ್ಮ ದೇಶದಲ್ಲಿ 2019ರಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ಮಾಂಸ, ಹಾಲು, ಮೊಟ್ಟೆಗಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಸರ್ಕಾರ ನಿಷೇಧಿಸಿತು.

ರೋಗ ಬಂದಾಗ ಡಾಕ್ಟರ್ ಕೊಟ್ಟ ಮದ್ದು ಬೇರೆ ಮಾತು. ಅದನ್ನು ಅವರು ಹೇಳಿದಷ್ಟು ದಿನ ಕೊಡ್ರಿ. ಮದ್ದು ನಿಂತ ಎಷ್ಟು ದಿನದ ಮೇಲೆ ಕುರಿ ಮಾರಬಹುದು ಅಂತ ಕೇಳ್ರಿ.

6. ಎಲೆ, ಕಾಯಿಯ ಒಗರು

ಜಾಲಿಕಾಯಿ ಕಚ್ಚಿದರೆ ನಾಲಿಗೆ ಒಗರಾಗ್ತದ. ಹುಣಸೆ ಬೀಜದ ಸಿಪ್ಪೆಯೂ ಒಗರು. ಈ ಒಗರು ಸ್ವಲ್ಪ ಇದ್ದರೆ ಒಳ್ಳೆಯದು. ಮೇವಿನ ಸಾರವನ್ನು ದೊಡ್ಡ ಹೊಟ್ಟೆಯಲ್ಲಿ ಹಾಳಾಗದಂತೆ ಕಾಯುತ್ತದೆ. ತೇಗಿನ ಗಾಳಿಯನ್ನೂ ಕಡಿಮೆ ಮಾಡುತ್ತದೆ. ಆ ಗಾಳಿ ಹೋದರೆ ಮೇವಿನ ಬಲವೂ ಅದರ ಸಂಗಡ ಹೋಗುತ್ತದೆ. ಭೂಮಿ ಬಿಸಿಯಾಗುವುದಕ್ಕೂ ಅದು ಒಂದು ಕಾರಣ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಒಗರು ಇರುವ ಗಿಡಗಳಿಂದ “ಹರಿತ್ ಧಾರಾ” ಎಂಬ ಪುಡಿ ಮಾಡಿದ್ದಾರೆ. 2021ರಲ್ಲಿ ಅದು ಸುದ್ದಿಯಾಯಿತು. ಅದನ್ನು ಕೊಡುವುದು ದೊಡ್ಡ ಹೊಟ್ಟೆ ಬಲಿತ ಪ್ರಾಣಿಗಳಿಗೆ. ಹಾಲು ಕುಡಿಯುವ ಮರಿಗೆ ಅಲ್ಲ.

ಒಗರು ಹೆಚ್ಚಾದರೆ ಮೇವು ಅರಗುವುದಿಲ್ಲ. ಆದ್ದರಿಂದ ಜಾಲಿಕಾಯಿ ಒಂದೇ ಹಾಕಬೇಡಿ. ಬೇರೆ ಮೇವಿನ ಸಂಗಡ ಸ್ವಲ್ಪ ಹಾಕಿರಿ.

ಸುಬಾಬುಲ್ ಸೊಪ್ಪಿನ ಕತೆ ಕೇಳ್ರಿ. ಅದು ಒಳ್ಳೆಯ ಮೇವು. ಆದರೆ ಅದರಲ್ಲಿ ಒಂದು ವಿಷ ಇದೆ. ಬಹಳ ತಿಂದರೆ ಉಣ್ಣೆ ಉದುರುತ್ತದೆ. ಆಸ್ಟ್ರೇಲಿಯಾದಲ್ಲಿ ದನಗಳು ಈ ಸೊಪ್ಪು ತಿಂದು ಜಡ್ಡಾಗುತ್ತಿದ್ದವು. ಹವಾಯಿ ದ್ವೀಪದ ಆಡುಗಳಿಗೆ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಇದರ ಕಾರಣ ಹುಡುಕಿದರು. ಹವಾಯಿ ಆಡುಗಳ ಹೊಟ್ಟೆಯಲ್ಲಿ ಆ ವಿಷವನ್ನು ಒಡೆಯುವ ಜೀವಿ ಇತ್ತು. 1980ರ ದಶಕದಲ್ಲಿ ಆ ಜೀವಿಯನ್ನು ಆಸ್ಟ್ರೇಲಿಯಾದ ಪ್ರಾಣಿಗಳ ಹೊಟ್ಟೆಗೆ ಸೇರಿಸಿದರು. ಜಡ್ಡು ನಿಂತಿತು. ಮೇವು ಅದೇ, ಪ್ರಾಣಿ ಅದೇ. ಬದಲಾದದ್ದು ಹೊಟ್ಟೆಯ ಕೂಲಿಯಾಳು. ನಮ್ಮಲ್ಲಿ ಸುಬಾಬುಲ್ ಕೊಡುವವರು ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಡದಿದ್ದರೆ ಒಳ್ಳೆಯದು.

ನಮ್ಮ ಮನೆಯ ಮಿಶ್ರಣ

ಪೂರಕ ಅಂದರೆ ಇದ್ದದ್ದಕ್ಕೆ ಕೂಡಿಸುವುದು. ಮೊದಲು ಮೇವು ಇರಬೇಕು. ಅನ್ನವೇ ಇಲ್ಲದ ತಾಟಿಗೆ ಉಪ್ಪಿನಕಾಯಿ ಹಾಕಿದರೆ ಏನು ಬಂತು?

ನಮ್ಮಲ್ಲೇ ಸಿಗುವ ಸಾಮಾನಿನಿಂದ 10 ಕಿಲೋ ಮಿಶ್ರಣ ಹೀಗೆ ಮಾಡಬಹುದು:

ಜೋಳದ ಅಥವಾ ಮೆಕ್ಕೆಜೋಳದ ನುಚ್ಚು: 5 ಕಿಲೋ
ಶೇಂಗಾ ಹಿಂಡಿ: 2 ಕಿಲೋ 500 ಗ್ರಾಂ
ತೊಗರಿ ಚುನ್ನಿ: 2 ಕಿಲೋ 200 ಗ್ರಾಂ
ಕುರಿಯ ಖನಿಜ ಮಿಶ್ರಣ: 200 ಗ್ರಾಂ
ಉಪ್ಪು: 100 ಗ್ರಾಂ

ಕಲಬುರಗಿಯ ತೊಗರಿಗೆ 2019ರಲ್ಲಿ ಜಿ.ಐ. ಗುರುತು ಸಿಕ್ಕಿತು. ಬೇಳೆ ಊರೂರಿಗೆ ಹೋಗ್ತದ. ಚುನ್ನಿ ನಮ್ಮ ಕುರಿಗೆ ಉಳೀತದ. ಅದನ್ನು ಹಾಳು ಮಾಡಬಾರದು.

ಹಿಂಡಿಯನ್ನು ಮೂಸಿ ನೋಡ್ರಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಕಲೇಜಿಯನ್ನು ಕೆಡಿಸುತ್ತದೆ. ಬಿಸಿಲಿಗೆ ಹಾಕಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಕಂಡರೆ ಹಾಕಬೇಡಿ.

ಎಷ್ಟು ಕೊಡಬೇಕು? ಎರಡು ವಾರಕ್ಕೆ ನೆಕ್ಕಲು ಒಂದು ಚಿಟಿಕೆ. 1 ತಿಂಗಳಿಗೆ ದಿನಕ್ಕೆ 50 ಗ್ರಾಂ. 2 ತಿಂಗಳಿಗೆ 100 ಗ್ರಾಂ. 3 ತಿಂಗಳಿಗೆ 200 ಗ್ರಾಂ. ಎರಡು ಹೊತ್ತು ಹಂಚಿ ಕೊಡ್ರಿ. ಸಂಗಡ ಸೊಪ್ಪು, ಕಣಕಿ, ನೀರು ಇರಲೇಬೇಕು. ದೊಡ್ಡ ಕುರಿ ನುಗ್ಗದಂಗ ಮರಿಗಳಿಗೆ ಸಣ್ಣ ಕಂಡಿ ಬಿಟ್ಟು ಬೇರೆ ಜಾಗ ಮಾಡ್ರಿ.

ತೂಕ ಮಾಡಿ, ಬರೆದಿಡಿ

“ಈ ಪುಡಿ ಹಾಕಿದರ ಲಾಭ ಆಗ್ತದೇನು ಟೀಚರ್?” ಅಂತ ನೀವು ಕೇಳ್ತೀರಿ. ಉತ್ತರ ನಿಮ್ಮ ದೊಡ್ಡಿಯೊಳಗೇ ಅದ. ನೀವೀಗ ಅಂಕಿ ಕಲಿತೀರಿ. ಕೂಡಿಸೋದು, ಕಳೆಯೋದು ಬರ್ತದ. ಪರೀಕ್ಷೆ ಮಾಡಿ ನೋಡ್ರಿ.

ಒಂದೇ ವಯಸ್ಸಿನ 10 ಮರಿ ಆರಿಸಿರಿ. ಒಬ್ಬರ ಮನ್ಯಾಗ ಇಲ್ಲದಿದ್ದರೆ ಸಂಘದವರು ಕೂಡಿ ಮಾಡ್ರಿ. 5 ಮರಿಗೆ ಪುಡಿ ಹಾಕಿರಿ. 5 ಮರಿಗೆ ಹಾಕಬೇಡಿ. ಉಳಿದ ಮೇವೆಲ್ಲಾ ಒಂದೇ ಇರಲಿ. ಮೊದಲ ದಿನ ತೂಕ ಮಾಡಿರಿ. 30 ದಿನದ ಮೇಲೆ ಮತ್ತೆ ತೂಕ ಮಾಡಿರಿ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಒಂದು ಲೆಕ್ಕ ನೋಡೋಣ. ಇದು ಬರೀ ಉದಾಹರಣೆ. ಪುಡಿ ತಿನ್ನದ ಮರಿ ಒಂದೊಂದು 3 ಕಿಲೋ ಹೆಚ್ಚಾಯಿತು. ಪುಡಿ ತಿಂದದ್ದು 3 ಕಿಲೋ 300 ಗ್ರಾಂ ಹೆಚ್ಚಾಯಿತು. ಒಂದು ಮರಿಗೆ 300 ಗ್ರಾಂ ಲಾಭ. 5 ಮರಿಗೆ 1,500 ಗ್ರಾಂ, ಅಂದರೆ ಒಂದೂವರೆ ಕಿಲೋ. ಜೀವಂತ ಮರಿಯ ತೂಕಕ್ಕೆ ಕಿಲೋಗೆ 400 ರೂಪಾಯಿ ಸಿಕ್ಕಿತು ಎನ್ನೋಣ. 600 ರೂಪಾಯಿ ಬಂತು. ಪುಡಿಗೆ 300 ರೂಪಾಯಿ ಹೋಗಿತ್ತು. 300 ರೂಪಾಯಿ ಉಳಿಯಿತು. ಪುಡಿ ಚಲೋ.

ಈಗ ಪುಡಿ ತಿಂದ ಮರಿ ಬರೀ 100 ಗ್ರಾಂ ಹೆಚ್ಚು ಬಂದಿದ್ದರೆ? 5 ಮರಿಗೆ 500 ಗ್ರಾಂ. ಬಂದದ್ದು 200 ರೂಪಾಯಿ. ಹೋದದ್ದು 300 ರೂಪಾಯಿ. ಕೈಯಿಂದ 100 ರೂಪಾಯಿ ಹೋಯಿತು. ಅಂಗಡಿಯವರು ಏನೇ ಹೇಳಲಿ, ನಿಮ್ಮ ಲೆಕ್ಕ ನಿಮಗೆ ನಿಜ ಹೇಳುತ್ತದೆ.

ಈ ನೋಟ್‌ಬುಕ್ಕು ಇನ್ನೊಂದು ಕೆಲಸಕ್ಕೂ ಬರ್ತದ. ಸಂತೆಗೆ ಮರಿ ಹೊಡಕೊಂಡು ಹೋಗೋರು ಗಂಡಸರು. ರೊಕ್ಕ ಎಣಿಸೋರೂ ಅವರೇ. ಮರಿಯ ತೂಕ ಎಷ್ಟಿತ್ತು, ಖರ್ಚು ಎಷ್ಟಾಯಿತು ಎಂದು ನಿಮ್ಮ ಕೈಬರಹದಲ್ಲಿ ಇದ್ದರೆ ರೇಟಿನ ಮಾತಿನಲ್ಲಿ ನಿಮಗೂ ಪಾಲು ಸಿಗುತ್ತದೆ.

ಅಕ್ಕಂದಿರು ಕೇಳಿದ್ದು

ಒಬ್ಬ ತಾಯಿ ಕೇಳಿದರು: “ನಮ್ಮ ಮರಿ ಎಷ್ಟು ತಿಂದರೂ ಬಡಕಲೇ ಇರ್ತದ. ಯಾವ ಪುಡಿ ಹಾಕಲಿ?”

ಮೊದಲು ಹಿಕ್ಕೆ ಪರೀಕ್ಷೆ ಮಾಡಿಸ್ರಿ ಅವ್ವ. ಸ್ವಲ್ಪ ಹಿಕ್ಕೆಯನ್ನು ದನದ ದವಾಖಾನಿಗೆ ಒಯ್ದು ಕೊಡ್ರಿ. ಹೊಟ್ಟೆಯಲ್ಲಿ ಜಂತು ಇದ್ದರೆ ನೀವು ಹಾಕಿದ ಪುಡಿ ಮರಿಯ ಮೈಗೆ ಹತ್ತೋದಿಲ್ಲ. ಜಂತು ಇದ್ದರೆ ಡಾಕ್ಟರ್ ತೂಕ ನೋಡಿ ಮದ್ದು ಕೊಡ್ತಾರ.

ಇನ್ನೊಬ್ಬರು ಕೇಳಿದರು: “ಟಾನಿಕ್ ಬಾಟಲಿ ಕುಡಿಸಬಹುದೇನ್ರಿ?”

ಏನು ಕೊರತೆ ಅದ ಅಂತ ತಿಳಿಯದೆ ಕುಡಿಸಿದರೆ ರೊಕ್ಕ ದಂಡ. ಕುಡಿಸುವಾಗಲೂ ಎಚ್ಚರ ಬೇಕು. ಮರಿಯ ಮೂತಿಯನ್ನು ಮೇಲಕ್ಕೆ ಬಹಳ ಎತ್ತಬಾರದು. ನಾಲಿಗೆ ಹಿಡಿದು ಎಳೆಯಬಾರದು. ಮದ್ದು ಶ್ವಾಸಕ್ಕೆ ಹೋದರೆ ಮರಿ ಉಳಿಯೋದಿಲ್ಲ. ಸಾವಕಾಶ, ಗುಟುಕು ಗುಟುಕಾಗಿ ಕುಡಿಸಬೇಕು.

ಮತ್ತೊಬ್ಬರು ಕೇಳಿದರು: “ಮರಿ ಉಬ್ಬಿದರ ಯಾರನ್ನು ಕರೀಬೇಕು?”

1962 ಎಂಬ ನಂಬರು ಬರಕೊಳ್ರಿ. ಅದು ಸರ್ಕಾರದ ಪಶು ವಾಹನದ ನಂಬರು. ಫೋನಿಗೆ ದುಡ್ಡು ಬೀಳೋದಿಲ್ಲ. ಯಾವ ಊರು, ಯಾವ ಪ್ರಾಣಿ, ಏನು ತಿಂದಿತ್ತು, ಎಷ್ಟು ಹೊತ್ತಾಯಿತು ಎಂದು ಹೇಳ್ರಿ. ಏನು ತಿಂದಿತ್ತು ಎಂಬುದೇ ಮುಖ್ಯ. ಪಾಕೀಟು ಇದ್ದರೆ ಅದನ್ನೂ ಎತ್ತಿಟ್ಟುಕೊಳ್ರಿ. ಡಾಕ್ಟರ್ ಹೋಗಿ ಮುಟ್ಟೋ ಹೊತ್ತು ಇಲ್ಲವೇ ಎಂದು ಕೇಳಿ, ನೆರೆಯ ದವಾಖಾನಿಯ ನಂಬರನ್ನೂ ಗೋಡೆಗೆ ಬರೆದಿಡ್ರಿ.

ಪಾಕೀಟಿನ ಮೇಲೆ ಏನು ಓದಬೇಕು?

1. ಯಾವ ಪ್ರಾಣಿಗೆ? “ಕುರಿ” ಎಂದು ಇದೆಯೇ?
2. ಎಷ್ಟು ವಯಸ್ಸಿನದಕ್ಕೆ? ಮರಿಗೆ ಕೊಡಬಹುದೇ?
3. ಒಳಗೆ ಏನೇನು ಇದೆ? ಯೂರಿಯಾ ಇದೆಯೇ? ತಾಮ್ರ ಎಷ್ಟಿದೆ? ಮದ್ದು ಇದೆಯೇ?
4. ದಿನಕ್ಕೆ ಎಷ್ಟು ಗ್ರಾಂ?
5. ಯಾವ ತಾರೀಖಿನ ತನಕ ಬಳಸಬಹುದು?
6. ಬೆಲೆ ಎಷ್ಟು? ಮಾಡಿದವರ ವಿಳಾಸ ಇದೆಯೇ?

ಎಷ್ಟೋ ಪಾಕೀಟಿನ ಮೇಲೆ ಕನ್ನಡ ಇರೋದಿಲ್ಲ. ಆಗ ಅಂಜಬ್ಯಾಡ್ರಿ, ನಾಚಬ್ಯಾಡ್ರಿ. “ಇದರಾಗ ಏನು ಬರೆದದ ಓದಿ ಹೇಳ್ರಿ” ಅಂತ ಅಂಗಡಿಯವರನ್ನೇ ಕೇಳ್ರಿ. ಅವರು ಓದಿ ಹೇಳದಿದ್ದರೆ ರೊಕ್ಕ ಕೊಡಬ್ಯಾಡ್ರಿ. ಶಾಲೆಗೆ ಹೋಗೋ ಮಗಳ ಕೈಯಾಗ ಕೊಟ್ಟು ಓದಿಸ್ರಿ. ಇಲ್ಲವೇ ಈ ತರಗತಿಗೆ ತನ್ನಿರಿ. ಕೂಡಿ ಓದೋಣ.

ಇನ್ನೊಂದು ಹಳೆಯ ಮಾತು ನಿಮಗೆಲ್ಲಾ ಗೊತ್ತು. ಅತಿಯಾದರೆ ಅಮೃತವೂ ವಿಷ. ಉಪ್ಪಿಗೂ ಈ ಮಾತು ಸೈ, ಜೋಳಕ್ಕೂ ಸೈ, ಪುಡಿಗೂ ಸೈ. ಮರಿಯ ಹೊಟ್ಟೆ ದಿನಾ ಒಂದಿಷ್ಟು ಕಲಿಯುತ್ತದೆ. ಅವಸರ ಮಾಡಿದರೆ ಕೆಡುತ್ತದೆ.

ನಾಳೆಯ ತರಗತಿಗೆ ಒಂದು ಕೆಲಸ ಅದ. ಮನ್ಯಾಗ ಕುರಿಗೆ ಹಾಕೋ ಪುಡಿ, ಬಾಟಲಿ, ಹಿಂಡಿ ಚೀಲ ಏನೇ ಇರಲಿ, ಅದರ ಮೇಲಿನ ಮೊದಲ ಮೂರು ಸಾಲು ನೋಟ್‌ಬುಕ್ಕಿನಾಗ ಬರಕೊಂಡು ಬರ್ರಿ. ತಿಳಿಯದ ಅಕ್ಷರ ಇದ್ದರೆ ಅದರ ಚಿತ್ರವನ್ನೇ ಬಿಡಿಸಿಕೊಂಡು ಬರ್ರಿ. ಒಬ್ಬೊಬ್ಬರೇ ಎದ್ದು ನಿಂತು ಓದೋಣ.